ಹೊಲಮನೆಯ ಲೆಕ್ಕಕ್ಕೆ ಇನ್ನೊಂದು ಪ್ರತಿ



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಬೆಳೆ, ಗೊಬ್ಬರ, ದನಕರು ಮತ್ತು ಮನೆಯವರ ಆರೋಗ್ಯದ ಬಗ್ಗೆ ಬರೆಯುತ್ತೇವೆ. ಈ ಸಲ ಕಂಪ್ಯೂಟರು ಮತ್ತು ಮೊಬೈಲಿನಲ್ಲಿ ನಾವು ತುಂಬಿಟ್ಟಿರುವ ಲೆಕ್ಕಪತ್ರಗಳ ಬಗ್ಗೆ ಬರೆಯಬೇಕಾಗಿದೆ. "ಅದು ಪಟ್ಟಣದವರ ವಿಷಯ, ನಮಗೇಕೆ?" ಎಂದು ಪುಟ ತಿರುಗಿಸಬೇಡಿ. ಇಂದು ಹಳ್ಳಿಯ ಸಣ್ಣ ಗೊಬ್ಬರದ ಅಂಗಡಿಯಲ್ಲೂ ಕಂಪ್ಯೂಟರಿದೆ. ಎರಡು ಎಕರೆ ದಾಳಿಂಬೆ ಇರುವವರ ಕೈಯಲ್ಲೂ ಮೊಬೈಲಿದೆ. ಅಪ್ಪ ಅಜ್ಜಂದಿರು ಕೆಂಪು ವಹಿಯಲ್ಲಿ ಬರೆದಿಡುತ್ತಿದ್ದ ಲೆಕ್ಕ ಈಗ ಅದರೊಳಗೆ ಸೇರಿದೆ. ಆ ಯಂತ್ರ ಕೆಟ್ಟ ದಿನ ಲೆಕ್ಕದ ಗತಿಯೇನು?

ಆ ರಾತ್ರಿ ಭೀಮೆ ಬಂದಾಗ

ದಕ್ಷಿಣ ಸೊಲ್ಲಾಪುರ ತಾಲೂಕಿನ ಭಂಡಾರಕವಠೆ ಭೀಮಾ ನದಿಯ ಸೀಮೆ. ನದಿಯ ಆಚೆಗೆ ಕರ್ನಾಟಕ, ಈಚೆಗೆ ಮಹಾರಾಷ್ಟ್ರ. ಎರಡೂ ಕಡೆಯ ಮನೆಮಾತು ಕನ್ನಡ. ಕಬ್ಬು, ಜೋಳ, ತೊಗರಿ, ಉಳ್ಳಾಗಡ್ಡಿ ಇಲ್ಲಿನ ಬೆಳೆಗಳು. ಊರಿನಲ್ಲಿಯೇ ಲೋಕಮಂಗಲ ಸಕ್ಕರೆ ಕಾರ್ಖಾನೆಯಿದೆ. 2020ರ ಅಕ್ಟೋಬರ್ ಮಧ್ಯಭಾಗದಲ್ಲಿ ಈ ಭಾಗದಲ್ಲೆಲ್ಲ ಭಾರೀ ಮಳೆ ಸುರಿಯಿತು. ಉಜನಿ ಜಲಾಶಯದಿಂದಲೂ ಅಪಾರ ನೀರು ಬಿಟ್ಟರು. ಭೀಮೆ ದಡ ಮೀರಿ ಸೊಲ್ಲಾಪುರ, ವಿಜಯಪುರ, ಕಲಬುರಗಿ ಜಿಲ್ಲೆಗಳ ನದಿದಂಡೆಯ ಹಳ್ಳಿಗಳಿಗೆ ನುಗ್ಗಿತು. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿಗೆ ಮಹಾಪೂರ ಬಂದದ್ದನ್ನೂ ನಮ್ಮಲ್ಲಿ ಬಹಳ ಜನ ಕಣ್ಣಾರೆ ಕಂಡಿದ್ದೇವೆ.

2020ರ ಆ ನೆರೆಯಲ್ಲಿ ನಮಗೆ ಪರಿಚಯದ ಒಂದು ರೈತ ಕುಟುಂಬ ನಡುರಾತ್ರಿ ಮನೆ ಬಿಡಬೇಕಾಯಿತು. ಅವರಿಗೆ ಹೊಲದ ಜೊತೆಗೆ ಬೀಜ, ಗೊಬ್ಬರ, ಔಷಧಿಯ ಸಣ್ಣ ಅಂಗಡಿಯೂ ಇತ್ತು. ಮಕ್ಕಳನ್ನು, ಮುದುಕರನ್ನು, ದನಗಳನ್ನು ಎತ್ತರದ ಜಾಗಕ್ಕೆ ಸಾಗಿಸಿದರು. ಅಂಗಡಿಯ ಕಂಪ್ಯೂಟರು ಮೇಜಿನ ಮೇಲೆಯೇ ಉಳಿಯಿತು. ಅದರ ಬಗ್ಗೆ ಯೋಚಿಸಲು ಯಾರಿಗೂ ಬಿಡುವಿರಲಿಲ್ಲ, ಯೋಚಿಸಬೇಕಾಗಿಯೂ ಇರಲಿಲ್ಲ, ಜೀವ ಮೊದಲು.

ಮಗ ಬುದ್ಧಿವಂತ. ಅಂಗಡಿಯ ಉದ್ರಿ ಲೆಕ್ಕವನ್ನೆಲ್ಲ ಒಂದು ಪೆನ್‌ಡ್ರೈವಿಗೂ ಹಾಕಿಟ್ಟಿದ್ದ. ಆದರೆ ಪೆನ್‌ಡ್ರೈವ್ ಇದ್ದದ್ದು ಅದೇ ಮೇಜಿನ ಖಾನೆಯಲ್ಲಿ! ನೀರು ಇಳಿದ ಮೇಲೆ ನೋಡಿದರೆ ಎರಡೂ ಕೆಸರಿನಲ್ಲಿ ಹೂತಿದ್ದವು. ಗಾಬರಿಯಲ್ಲಿ ಕಂಪ್ಯೂಟರನ್ನು ಬಿಸಿಲಿಗಿಟ್ಟು ಮರುದಿನವೇ ಚಾಲೂ ಮಾಡಿದರು. ಒಳಗೆ ಇನ್ನೂ ಇದ್ದ ತೇವಕ್ಕೆ ವಿದ್ಯುತ್ ತಾಗಿ, ಉಳಿದಿರಬಹುದಾಗಿದ್ದ ಅಷ್ಟಿಷ್ಟೂ ಹೋಯಿತು.

ಎರಡು ವರ್ಷದ ಉದ್ರಿ ಅದರಲ್ಲಿತ್ತು. ಕೆಲವರು ತಾವಾಗಿಯೇ ಬಂದು, "ನನ್ನದು ಇಷ್ಟು ಬಾಕಿ ಅದ" ಎಂದು ಹೇಳಿ ಕೊಟ್ಟರು. ಅಂಥವರನ್ನು ದೇವರು ಹರಸಲಿ. ಕೆಲವರಿಗೆ ಮರೆತೇ ಹೋಗಿತ್ತು. ಕೆಲವರು ಕೊಟ್ಟಿದ್ದೇವೆ ಎಂದರು. ನಿಜವಾಗಿ ಕೊಟ್ಟಿದ್ದರೂ ಇರಬಹುದು, ಯಾರು ಬಲ್ಲರು? ಕೊನೆಗೆ ಚಿಕ್ಕಪ್ಪನ ಮನೆಯ ಬಾಕಿಯ ಬಗ್ಗೆ ಮಾತಿಗೆ ಮಾತು ಬೆಳೆದು, ಎರಡು ಮನೆಗಳ ನಡುವೆ ಹೋಗಿಬರುವುದೇ ನಿಂತಿತು. ಆ ಮನೆಯ ತಾಯಿ ನಮ್ಮ ಮುಂದೆ ಹೇಳಿದ ಮಾತು ಇಂದಿಗೂ ನೆನಪಿದೆ: "ರೊಕ್ಕ ಹೋದ್ರ ಮತ್ತ ದುಡೀಬಹುದು ರೀ. ಅಣ್ಣ ತಮ್ಮರ ನಡುವ ಮಾತು ಹೋತಲ್ಲ, ಅದನ್ನ ಎಲ್ಲಿಂದ ತರೂದು?"

ಒಂದು ಲೆಕ್ಕ ಮಾತ್ರ ಉಳಿಯಿತು. ಡೇರಿಗೆ ಹಾಕಿದ ಹಾಲಿನ ಲೆಕ್ಕವನ್ನು ಆ ತಾಯಿ ಒಂದು ಶಾಲೆಯ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದರು. ಮನೆ ಬಿಡುವಾಗ ರೇಷನ್ ಕಾರ್ಡಿನ ಜೊತೆ ಅದನ್ನೂ ಗಂಟಿನಲ್ಲಿ ಕಟ್ಟಿಕೊಂಡಿದ್ದರು.

ಈ ಕಥೆಯಿಂದ ನಾವು ಕಲಿಯಬೇಕಾದದ್ದು ಇಷ್ಟೇ: ಮೂಲ ಇದ್ದಲ್ಲಿಯೇ ಇಟ್ಟ ಪ್ರತಿ ಪ್ರತಿಯೇ ಅಲ್ಲ. ನೆರೆಗೆ, ಬೆಂಕಿಗೆ, ಕಳ್ಳರಿಗೆ ಎರಡೂ ಒಟ್ಟಿಗೇ ಸಿಗುತ್ತವೆ.

ಇದು ಹೊಸ ಮಾತಲ್ಲ

ಪವಿತ್ರ ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿರಿ. ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಮುತ್ತಿದ ಸಮಯ. ಅಂಥ ಹೊತ್ತಿನಲ್ಲಿ ಯೆರೆಮೀಯನು ಅನಾತೋತ್ ಊರಿನ ಒಂದು ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡುಕೊಳ್ಳುತ್ತಾನೆ. ಸಾಕ್ಷಿಗಳ ಮುಂದೆ ಖರೀದಿ ಪತ್ರವಾಗುತ್ತದೆ. ಪತ್ರ ಒಂದಲ್ಲ, ಎರಡು: ಒಂದು ಮುದ್ರೆ ಹಾಕಿದ್ದು, ಇನ್ನೊಂದು ತೆರೆದದ್ದು. ಬಹುಕಾಲ ಉಳಿಯಲೆಂದು ಅವನ್ನು ಮಣ್ಣಿನ ಗಡಿಗೆಯಲ್ಲಿ ಇಡುವಂತೆ ಬಾರೂಕನಿಗೆ ಹೇಳುತ್ತಾನೆ. ನಾಡೇ ಕೈಬಿಟ್ಟು ಹೋಗುವ ಹೊತ್ತಿನಲ್ಲಿ ಹೊಲದ ಕಾಗದವನ್ನು ಹೀಗೆ ಜೋಪಾನ ಮಾಡಿದ್ದು, ಮುಂದೆ ಜನ ಮರಳಿ ಬಂದು ಇದೇ ನೆಲವನ್ನು ಉಳುತ್ತಾರೆ ಎಂಬ ನಂಬಿಕೆಯಿಂದ.

ನಮ್ಮ ಧರ್ಮಸಭೆಯೂ ಇದೇ ದಾರಿಯಲ್ಲಿ ನಡೆದಿದೆ. ಜ್ಞಾನಸ್ನಾನ, ವಿವಾಹಗಳ ದಾಖಲೆ ಪುಸ್ತಕಗಳು ಧರ್ಮಕೇಂದ್ರದಲ್ಲಿ ಇರುವುದು ನಿಮಗೆ ಗೊತ್ತಿದೆ. 1917ರ ಧರ್ಮಸಭೆಯ ಕಾನೂನು ಸಂಹಿತೆಯು ಧರ್ಮಕೇಂದ್ರದ ಗುರುಗಳು ಪ್ರತಿವರ್ಷದ ಕೊನೆಯಲ್ಲಿ ಈ ಪುಸ್ತಕಗಳ ಪ್ರತಿಯನ್ನು ಧರ್ಮಾಧ್ಯಕ್ಷರ ಕಚೇರಿಗೆ ಕಳಿಸಬೇಕೆಂದು ವಿಧಿಸಿತ್ತು. ಒಂದು ಊರಿನ ಗುಡಿ ಸುಟ್ಟರೂ ಅಲ್ಲಿನವರ ದಾಖಲೆ ಇನ್ನೊಂದು ಊರಿನಲ್ಲಿ ಉಳಿಯುತ್ತಿತ್ತು.

ನಮ್ಮ ಹಿರಿಯ ಒಕ್ಕಲಿಗರೂ ಇದನ್ನು ಬಲ್ಲವರೇ. ತಿನ್ನುವ ಜೋಳ ಹಗೇವಿನಲ್ಲಿ, ಬಿತ್ತುವ ಬೀಜ ಬೇರೆ, ಬೂದಿ ಬೇವಿನೆಲೆ ಹಾಕಿದ ಗಡಿಗೆಯಲ್ಲಿ. ಬೀಜಕ್ಕೆ ತೋರಿಸಿದ ಆ ಕಾಳಜಿಯನ್ನು ಈಗ ಲೆಕ್ಕಕ್ಕೂ ತೋರಿಸಬೇಕಾಗಿದೆ.

ದೊಡ್ಡವರೂ ಎಡವಿದ್ದಾರೆ

ಇಂಥ ತಪ್ಪು ಹಳ್ಳಿಯವರಿಗೆ ಮಾತ್ರ ಎಂದು ತಿಳಿಯಬೇಡಿ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದಲ್ಲಿ ಸರಕಾರದ ಕಂಪ್ಯೂಟರ್ ಕೇಂದ್ರಕ್ಕೆ ಬೆಂಕಿ ಬಿತ್ತು. ಸರಕಾರಿ ನೌಕರರ ಕಡತಗಳನ್ನು ಇಟ್ಟಿದ್ದ ಒಂದು ವ್ಯವಸ್ಥೆಗೆ ಹೊರಗೆ ಎಲ್ಲಿಯೂ ಪ್ರತಿ ಇರಲಿಲ್ಲ. ವರ್ಷಗಟ್ಟಲೆಯ ಕೆಲಸ ಸುಟ್ಟುಹೋಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. 1998ರಲ್ಲಿ ಅಮೆರಿಕದ ಪಿಕ್ಸಾರ್ ಕಂಪನಿಯಲ್ಲಿ 'ಟಾಯ್ ಸ್ಟೋರಿ 2' ಎಂಬ ಮಕ್ಕಳ ಚಿತ್ರ ತಯಾರಾಗುತ್ತಿದ್ದಾಗ, ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಕಡತಗಳು ಅಳಿಸಿಹೋದವು. ಬ್ಯಾಕಪ್ ಇದೆ ಎಂದು ಧೈರ್ಯವಾಗಿದ್ದರು. ತೆಗೆದು ನೋಡಿದರೆ ಅದು ಸರಿಯಾಗಿ ಆಗಿಯೇ ಇರಲಿಲ್ಲ. ಕೊನೆಗೆ ಕೂಸು ಹುಟ್ಟಿದ್ದರಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗೇಲಿನ್ ಸುಸ್ಮನ್ ಎಂಬ ತಾಯಿಯ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಸಿಕ್ಕಿತು. ಬೇರೆ ಮನೆಯಲ್ಲಿದ್ದ ಪ್ರತಿಯೇ ಕಾಪಾಡಿತು.

ಮೊದಲು ಯಾವುದನ್ನು ಕಾಪಾಡಬೇಕು?

ಎಲ್ಲ ಕಾಗದವೂ ಒಂದೇ ಬೆಲೆಯದಲ್ಲ. ಸಾತಬಾರಾ ಉತಾರೆ ಕಳೆದರೆ ಮಹಾಭೂಲೇಖದಿಂದ ಮತ್ತೆ ತೆಗೆಯಬಹುದು. ನದಿಯ ಆಚೆ ಹೊಲವಿದ್ದವರು ಪಹಣಿಯನ್ನು ಭೂಮಿ ಕೇಂದ್ರದಿಂದ ಪಡೆಯಬಹುದು. ಆಧಾರ್ ಮತ್ತೆ ಸಿಗುತ್ತದೆ. ಬ್ಯಾಂಕಿನ ಲೆಕ್ಕ ಬ್ಯಾಂಕಿನಲ್ಲಿರುತ್ತದೆ. ಆದರೆ ಈ ಕೆಳಗಿನವು ಜಗತ್ತಿನಲ್ಲಿ ನಿಮ್ಮೊಬ್ಬರ ಹತ್ತಿರ ಮಾತ್ರ ಇವೆ. ಇವೇ ಮೊದಲ ಪಾಳಿಯವು:

1. ಅಂಗಡಿಯ ಉದ್ರಿ, ಟ್ರ್ಯಾಕ್ಟರ್ ಬಾಡಿಗೆ, ಕೂಲಿಯವರಿಗೆ ಮತ್ತು ಕಬ್ಬು ಕಡಿಯುವವರಿಗೆ ಕೊಟ್ಟ ಮುಂಗಡ.

2. ಔಷಧಿ ಸಿಂಪಡಿಸಿದ ದಿನಚರಿ: ಯಾವ ದಿನ, ಯಾವ ಔಷಧಿ, ಎಷ್ಟು ಪ್ರಮಾಣ. ಸೊಲ್ಲಾಪುರದ ದಾಳಿಂಬೆಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಹಣ್ಣನ್ನು ಪರದೇಶಕ್ಕೆ ಕಳಿಸುವವರಿಗೆ ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಹೋಯಿತು ಎಂಬ ದಾಖಲೆ ಬೇಕೇ ಬೇಕು. ತೇಲ್ಯಾ ರೋಗ ಹೋದ ವರ್ಷ ಯಾವ ಸಾಲಿನಿಂದ ಶುರುವಾಯಿತು ಎಂಬುದನ್ನು ನಿಮ್ಮ ದಿನಚರಿಯಲ್ಲದೆ ಬೇರೆ ಯಾರು ಹೇಳಬಲ್ಲರು?

3. ಬೋರಿನ ಆಳ, ಮೋಟಾರು ಇಳಿಸಿದ ಮಟ್ಟ, ನೆಲದೊಳಗಿನ ಪೈಪಿನ ದಾರಿ, ಮಣ್ಣು ಪರೀಕ್ಷೆಯ ವರದಿ.

4. ಆಕಳು ಎಮ್ಮೆಗಳು ಗಬ್ಬವಾದ ದಿನ, ಈದ ದಿನ, ಲಸಿಕೆಯ ದಿನ.

5. ಕಬ್ಬಿನ ತೂಕದ ಚೀಟಿ, ಅಡತಿಯವರು ಕೊಟ್ಟ ಉಳ್ಳಾಗಡ್ಡಿಯ ಪಟ್ಟಿ, ಬೀಜ ಗೊಬ್ಬರದ ಪಾವತಿ. ಯಂತ್ರದಿಂದ ಬರುವ ನುಣುಪು ಕಾಗದದ ಚೀಟಿಗಳ ಅಕ್ಷರ ಬಿಸಿಲಿಗೆ, ಶಾಖಕ್ಕೆ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ. ಬಂದ ದಿನವೇ ಬೆಳಕಿನಲ್ಲಿಟ್ಟು ಫೋಟೋ ತೆಗೆಯಿರಿ.

6. ಮನೆಯವರ ಆರೋಗ್ಯದ ಕಾಗದಗಳು: ರಕ್ತದ ವರದಿ, ಡಾಕ್ಟರರ ಚೀಟಿ, ಮಕ್ಕಳ ಲಸಿಕೆಯ ಕಾರ್ಡು, ಯಾವ ಔಷಧಿ ಮೈಗೆ ಒಗ್ಗುವುದಿಲ್ಲ ಎಂಬ ಮಾಹಿತಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರನ್ನು ರಾತ್ರೋರಾತ್ರಿ ಸೊಲ್ಲಾಪುರದ ಆಸ್ಪತ್ರೆಗೆ ಒಯ್ದಾಗ ಡಾಕ್ಟರರು ಮೊದಲು ಕೇಳುವುದು ಇವನ್ನೇ. ಹಳೆಯ ಇಸಿಜಿ ಒಂದಿದ್ದರೆ ಹೊಸದರೊಡನೆ ಹೋಲಿಸಿ ನೋಡಲು ಅವರಿಗೆ ಅನುಕೂಲ.

ಮೂರು ಕಡೆ ಇಡುವ ಪದ್ಧತಿ

ಕಂಪ್ಯೂಟರ್ ಬಲ್ಲವರಲ್ಲಿ ಒಂದು ಸರಳ ನಿಯಮ ರೂಢಿಯಲ್ಲಿದೆ. ಒಟ್ಟು ಮೂರು ಪ್ರತಿ ಇರಲಿ. ಅವು ಎರಡು ಬೇರೆ ಬೇರೆ ವಸ್ತುಗಳ ಮೇಲಿರಲಿ. ಒಂದಾದರೂ ಮನೆಯಿಂದ ಹೊರಗಿರಲಿ. ನಮ್ಮ ಮನೆಗಳಿಗೆ ಇದನ್ನು ಹೀಗೆ ಹೊಂದಿಸಿಕೊಳ್ಳಬಹುದು.

ಮೊದಲನೆಯದು, ದಿನನಿತ್ಯ ಬಳಸುವ ಕಂಪ್ಯೂಟರು ಅಥವಾ ಮೊಬೈಲು. ಲೆಕ್ಕದ ಕಡತಗಳೆಲ್ಲ ಒಂದೇ ಫೋಲ್ಡರಿನಲ್ಲಿ ಇರಲಿ. ಕಡತದ ಹೆಸರು ವರ್ಷ, ತಿಂಗಳಿನಿಂದ ಶುರುವಾದರೆ ಹುಡುಕುವುದು ಸುಲಭ. ಟ್ಯಾಲಿಯಲ್ಲಿ ಲೆಕ್ಕ ಇಡುವ ಅಂಗಡಿಯವರು ಅದರಲ್ಲಿಯೇ ಇರುವ ಬ್ಯಾಕಪ್ ಸೌಲಭ್ಯವನ್ನು ಬಳಸಿರಿ.

ಎರಡನೆಯದು, ಹೊರಗಿನಿಂದ ಜೋಡಿಸುವ ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವ್. ಒಂದರ ಬದಲು ಎರಡು ಇದ್ದರೆ ಉತ್ತಮ. ಪ್ರತಿ ಮಾಡಿದ ಕೂಡಲೆ ಅದನ್ನು ಕಂಪ್ಯೂಟರಿನಿಂದ ಬಿಡಿಸಿ ತೆಗೆದಿಡಬೇಕು. ಇದಕ್ಕೆ ಕಾರಣವಿದೆ. ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ದುಷ್ಟ ಪ್ರೋಗ್ರಾಮುಗಳಿವೆ. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ಅಂಥದೊಂದು ನೂರೈವತ್ತು ದೇಶಗಳಲ್ಲಿ ಹರಡಿತು. ಸದಾ ಜೋಡಿಸಿಯೇ ಇಟ್ಟ ಡ್ರೈವ್‌ಗೂ ಇಂಥವು ಬೀಗ ಹಾಕುತ್ತವೆ, ಬಿಡಿಸಿಟ್ಟದ್ದನ್ನು ಮುಟ್ಟಲಾರವು. ಇನ್ನೊಂದು ಮಾತು: ಪೆನ್‌ಡ್ರೈವ್ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಹೂತಿಡುವ ವಸ್ತುವಲ್ಲ. ಆಗಾಗ ತೆಗೆದು ನೋಡಬೇಕು, ಹಳತಾದರೆ ಬದಲಿಸಬೇಕು.

ಮೂರನೆಯದು, ಊರ ಹೊರಗಿನ ಪ್ರತಿ. ಇದಕ್ಕೆ ಎರಡು ದಾರಿ. ಒಂದು, ಇಂಟರ್ನೆಟ್ ಮೂಲಕ ಗೂಗಲ್ ಡ್ರೈವಿನಂಥ ಜಾಗದಲ್ಲಿ ಇಡುವುದು. ಅಲ್ಲಿ 15 ಜಿಬಿಯವರೆಗೆ ಹಣ ಕೊಡಬೇಕಾಗಿಲ್ಲ. ಬರೀ ಲೆಕ್ಕದ ಕಡತಗಳಿಗೆ ಇದು ಧಾರಾಳ ಸಾಕು. ಮದುವೆಯ ವಿಡಿಯೋಗಳನ್ನು ತುಂಬಿದರೆ ಸಾಲದು. ಇಂಟರ್ನೆಟ್ ಸರಿಯಾಗಿ ಸಿಗದವರಿಗೆ ಎರಡನೆಯ ದಾರಿ: ಎರಡು ಡ್ರೈವ್‌ಗಳಲ್ಲಿ ಒಂದನ್ನು ಅಕ್ಕಲಕೋಟದಲ್ಲೋ ಸೊಲ್ಲಾಪುರದಲ್ಲೋ ಇರುವ ಅಕ್ಕನ ಮನೆಯಲ್ಲಿ, ಬೀಗರ ಮನೆಯಲ್ಲಿ ಇಡುವುದು. ಆ ಮನೆ ಅದೇ ನದಿಯ ದಂಡೆಯಲ್ಲಿ ಇರಬಾರದು, ಅಷ್ಟೇ.

ಹಾಗಾದರೆ ಕಾಗದದ ವಹಿ ಬೇಡವೇ? ಖಂಡಿತ ಬೇಕು. ತಿಂಗಳಿಗೊಮ್ಮೆ ಬಾಕಿಯ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದೋ ಮುದ್ರಿಸಿಯೋ ಇಡಿರಿ. ನೆರೆಯ ರಾತ್ರಿ ಉಳಿದದ್ದು ತಾಯಿಯ ನೋಟುಬುಕ್ಕೇ ಎಂಬುದನ್ನು ಮರೆಯಬಾರದು.

ಸಾಮಾನ್ಯವಾಗಿ ಆಗುವ ತಪ್ಪುಗಳು

"ನನ್ನ ಫೋಟೋಗಳು ತಾವಾಗಿಯೇ ಮೇಲೆ ಹೋಗುತ್ತವೆ, ನನಗೆ ಚಿಂತೆಯಿಲ್ಲ" ಎನ್ನುವವರಿದ್ದಾರೆ. ಆದರೆ ಎರಡೂ ಕಡೆ ಒಂದೇ ಸಮನೆ ನಡೆಯುವ ವ್ಯವಸ್ಥೆಯಲ್ಲಿ, ಮೊಬೈಲಿನಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಸಿಹೋಗುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಆದ್ದರಿಂದ ಬೇರೆಯಾದ ಒಂದು ಪ್ರತಿ ಇರಲೇಬೇಕು.

ವಾಟ್ಸಾಪಿನಲ್ಲಿ ಬಂದ ಪಟ್ಟಿ, ಪಾವತಿಗಳನ್ನು ಅಲ್ಲಿಯೇ ಬಿಡುವುದು ಇನ್ನೊಂದು ತಪ್ಪು. ಮೊಬೈಲು ಬದಲಾದಾಗ, ನಂಬರು ಬಂದಾದಾಗ ಅವು ಸಿಗದೆ ಹೋಗಬಹುದು. ಮುಖ್ಯವಾದವನ್ನು ತೆಗೆದು ಲೆಕ್ಕದ ಫೋಲ್ಡರಿಗೆ ಹಾಕಿರಿ.

ಮೂರನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು: ಪ್ರತಿ ಮಾಡಿ, ತೆರೆದು ನೋಡದೆ ಇರುವುದು. ಬೀಜವನ್ನು ಬಿತ್ತುವ ಮೊದಲು ನಾವು ಒದ್ದೆ ಬಟ್ಟೆಯಲ್ಲಿ ನೂರು ಕಾಳು ಕಟ್ಟಿ ಮೊಳಕೆ ನೋಡುವುದಿಲ್ಲವೇ? ಹಾಗೆಯೇ ಪ್ರತಿ ಮಾಡಿದ ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಎರಡು ಮೂರು ಕಡತ ತೆರೆದು, ಹೋದ ವಾರದ ಲೆಕ್ಕ ಅದರಲ್ಲಿದೆಯೇ ಎಂದು ನೋಡಿರಿ. ಮೊಳಕೆ ಒಡೆಯದ ಬೀಜ, ತೆರೆಯಲು ಬಾರದ ಬ್ಯಾಕಪ್ ಎರಡೂ ಒಂದೇ.

ಮುಚ್ಚಿಟ್ಟ ಮೊಬೈಲು

ಒಂದು ಕಹಿ ಮಾತನ್ನೂ ಹೇಳಲೇಬೇಕು. ಮನೆಯ ಯಜಮಾನರು ಅಕಸ್ಮಾತ್ ತೀರಿಕೊಂಡಾಗ ಅವರ ಮೊಬೈಲಿನ ಬೀಗ ತೆರೆಯಲು ಯಾರಿಗೂ ಬಾರದೆ, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದೇ ತಿಳಿಯದೆ ಹೆಂಡತಿ ಮಕ್ಕಳು ಒದ್ದಾಡುವುದನ್ನು ನಾವು ಕಂಡಿದ್ದೇವೆ. ದುಃಖದ ಮನೆಗೆ ಬಂದು "ನಿಮ್ಮವರು ನನಗೆ ಇಷ್ಟು ಕೊಡಬೇಕಿತ್ತು" ಎಂದವರಿಗೆ ಆ ಹೆಣ್ಣುಮಗಳು ಏನು ಉತ್ತರ ಕೊಡಬೇಕು?

ಆದ್ದರಿಂದ ಮೊಬೈಲು, ಕಂಪ್ಯೂಟರು ಮತ್ತು ಇಂಟರ್ನೆಟ್ ಖಾತೆಯ ಬೀಗದ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ ಮನೆಯ ಟ್ರಂಕಿನಲ್ಲಿಡಿ. ಅದು ಎಲ್ಲಿದೆ ಎಂಬುದು ಹೆಂಡತಿಗೋ ದೊಡ್ಡ ಮಗಳಿಗೋ ಗೊತ್ತಿರಲಿ. ಲೆಕ್ಕ ತೆರೆಯುವುದನ್ನು ಅವರಿಗೆ ಒಮ್ಮೆ ಕಲಿಸಿಕೊಡಿ. ಆದರೆ ಹಣದ ಪಿನ್ನುಗಳನ್ನು ಮೊಬೈಲಿನ ಫೋಟೋದಲ್ಲಾಗಲಿ, ಇಂಟರ್ನೆಟ್ ಜಾಗದಲ್ಲಾಗಲಿ ಬರೆದಿಡಬೇಡಿ. ಬ್ಯಾಂಕಿನಿಂದ ಎಂದು ಫೋನ್ ಮಾಡಿದವರಿಗೆ ಓಟಿಪಿ ಹೇಳಬೇಡಿ. ಬ್ಯಾಂಕಿನ ಖಾತೆಗೆ ವಾರಸುದಾರರ ಹೆಸರು ಹಾಕಿಸಿದ್ದೀರೋ ಇಲ್ಲವೋ, ಇದೇ ನೆಪದಲ್ಲಿ ನೋಡಿಕೊಳ್ಳಿ. ಇಂಟರ್ನೆಟ್ ಕೇಂದ್ರದಲ್ಲಿ ಪ್ರತಿ ತೆಗೆಸಿದಾಗ ಅವರ ಕಂಪ್ಯೂಟರಿನಲ್ಲಿ ಉಳಿದ ನಿಮ್ಮ ಕಾಗದಗಳನ್ನು ಅಳಿಸುವಂತೆ ಹೇಳಿ.

ನೀರಿನಲ್ಲಿ ಬಿದ್ದರೆ ಏನು ಮಾಡಬೇಕು?

ಕಂಪ್ಯೂಟರು, ಮೊಬೈಲು ನೀರಿನಲ್ಲಿ ಮುಳುಗಿದರೆ ಚಾಲೂ ಮಾಡಲು ಹೋಗಬೇಡಿ, ಚಾರ್ಜಿಗೆ ಹಚ್ಚಬೇಡಿ. ಒಲೆಯ ಮೇಲೆ, ಸುಡುವ ಬಿಸಿಲಿನಲ್ಲಿ ಇಡಬೇಡಿ. ಹೊರಗಿನ ನೀರು ಒರೆಸಿ, ಬಲ್ಲವರ ಹತ್ತಿರ ಒಯ್ಯಿರಿ. ಯಂತ್ರ ಕೆಟ್ಟರೂ ಒಳಗಿನ ಲೆಕ್ಕವನ್ನು ಹೊರತೆಗೆಯಲು ಕೆಲವೊಮ್ಮೆ ಸಾಧ್ಯವಾಗುತ್ತದೆ. ಆದರೆ ಆ ಕೆಲಸಕ್ಕೆ ಖರ್ಚು ಬಹಳ, ಖಾತ್ರಿ ಇಲ್ಲ.

ತಿಂಗಳ ಮೊದಲ ಶುಕ್ರವಾರ

"ಇದೆಲ್ಲ ಸರಿ, ಆದರೆ ನೆನಪಿರುವುದಿಲ್ಲ" ಎನ್ನುವಿರಾ? ಅದಕ್ಕೆ ನಮ್ಮದೊಂದು ಸಲಹೆಯಿದೆ. ಯೇಸುವಿನ ತಿರುಹೃದಯದ ಭಕ್ತಿಗೆಂದು ತಿಂಗಳ ಮೊದಲ ಶುಕ್ರವಾರವನ್ನು ನಾವು ಮರೆಯುವುದಿಲ್ಲ. ಅದೇ ದಿನ ಸಂಜೆ, ಮನೆಯ ಜಪಮಾಲೆ ಮುಗಿದ ಮೇಲೆ, ಅರ್ಧ ಗಂಟೆ ಈ ಕೆಲಸಕ್ಕೆ ಇಡಿರಿ. ಅಂಗಡಿ ಇರುವವರು ಮಾತ್ರ ತಿಂಗಳ ತನಕ ಕಾಯಬಾರದು. ವಾರಕ್ಕೊಮ್ಮೆಯಾದರೂ ಪ್ರತಿ ಮಾಡಬೇಕು. ಕಾಲೇಜು ಓದುವ ಮಗನೋ ಮಗಳೋ ಮಾಡಿಕೊಡಲಿ; ಹಿರಿಯರು ಪಕ್ಕದಲ್ಲಿ ಕುಳಿತು ಬಾಕಿಯ ಪಟ್ಟಿಯನ್ನು ಓದಿಸಿ ಕೇಳಲಿ. ಲೆಕ್ಕವೂ ಉಳಿಯುತ್ತದೆ, ಮನೆಯವರಿಗೆಲ್ಲ ಮನೆಯ ಸ್ಥಿತಿಯೂ ತಿಳಿಯುತ್ತದೆ. ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿದಾಗ, ಆ ವರ್ಷದ ಒಂದು ಪೂರ್ಣ ಪ್ರತಿಯನ್ನು ಬೇರೆ ತೆಗೆದಿಡಿ. ಅದರ ಮೇಲೆ ಮತ್ತೆ ಏನನ್ನೂ ಬರೆಯಬೇಡಿ.

ಆ ಕುಟುಂಬದ ಕಥೆ ಅರ್ಧಕ್ಕೆ ನಿಂತಿತ್ತಲ್ಲವೇ? ಎರಡು ವರ್ಷ ಮಾತಿಲ್ಲದೆ ಇದ್ದ ಆ ಮನೆಗಳು ಒಂದು ಕ್ರಿಸ್ಮಸ್ ಹಬ್ಬಕ್ಕೆ ಮತ್ತೆ ಕೂಡಿದವು. ಬಾಕಿ ಎಷ್ಟಿತ್ತು ಎಂಬುದು ಇಬ್ಬರಿಗೂ ಇಂದಿಗೂ ಗೊತ್ತಿಲ್ಲ; ಅರ್ಧ ಅರ್ಧ ಬಿಟ್ಟುಕೊಟ್ಟು ಮುಗಿಸಿದರು. ಈಗ ಅವರ ಅಂಗಡಿಯ ಲೆಕ್ಕದ ಒಂದು ಡ್ರೈವ್ ಇರುವುದು ಎತ್ತರದ ಜಾಗದಲ್ಲಿರುವ ಅದೇ ಚಿಕ್ಕಪ್ಪನ ಮನೆಯ ಟ್ರಂಕಿನಲ್ಲಿ. ಪ್ರತಿ ತಿಂಗಳು ಮಗ ಅದನ್ನು ಬದಲಿಸಲು ಹೋಗುತ್ತಾನೆ, ಚಹಾ ಕುಡಿದು ಬರುತ್ತಾನೆ.

ಲೆಕ್ಕ ಸರಿಯಾಗಿದ್ದರೆ ನೆರೆಹೊರೆ ಸರಿಯಾಗಿರುತ್ತದೆ. ರೈತರ ಪಾಲಕರಾದ ಸಂತ ಇಸಿದೋರರು ನಮ್ಮ ಹೊಲಗಳಿಗಾಗಿಯೂ ನಮ್ಮ ಮನೆಗಳ ಸಮಾಧಾನಕ್ಕಾಗಿಯೂ ಪ್ರಾರ್ಥಿಸಲಿ. ಈ ಸಂಚಿಕೆ ಓದಿ ಮುಗಿಸಿದ ಕೂಡಲೆ ಎದ್ದು, ನಿಮ್ಮ ಪೆನ್‌ಡ್ರೈವ್ ಯಾವ ಖಾನೆಯಲ್ಲಿದೆ ಎಂದು ಒಮ್ಮೆ ನೋಡಿ ಬನ್ನಿರಿ.